ಬೆಳಗಾವಿ ಕ್ಯಾಂಪಿನ ಹಳೇ ಚರ್ಚಿನ ಗಂಟೆಗಳ ದುರಸ್ತಿ: ಪದೇ ಪದೇ ಕೇಳುವ ಪ್ರಶ್ನೆಗಳು

ಗಂಟೆ ಗೋಪುರದ ಬಾಗಿಲಿಗೆ ಬೀಗ ಬಿದ್ದಾಗಿನಿಂದ ಭಾನುವಾರ ಪೂಜೆ ಮುಗಿಸಿ ಹೊರಗೆ ಬಂದವರು, ಎದುರಿನ ಚಹಾ ಅಂಗಡಿಯವರು, ಸಂಜೆ ಕ್ಯಾಂಪಿನಲ್ಲಿ ವಾಕಿಂಗ್ ಬರುವ ಹಿರಿಯರು ಎಲ್ಲರೂ ಕೇಳುವುದು ಒಂದೇ: "ಏನ್ರೀ, ಗಂಟಿ ಯಾಕ ಸುಮ್ನ ಕುಂತೈತಿ?" ಒಬ್ಬೊಬ್ಬರಿಗೆ ಒಂದೊಂದು ತರ ಹೇಳಿ ಗೊಂದಲ ಮಾಡುವುದಕ್ಕಿಂತ ಎಲ್ಲವನ್ನೂ ಒಂದು ಕಡೆ ಬರೆದಿಡೋಣ ಅಂತ ಗಂಟೆ ಸಮಿತಿಯವರು ಕೂತು ಇದನ್ನು ಬರೆದಿದ್ದೇವೆ. ಸ್ವಲ್ಪ ಉದ್ದ ಇದೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಿ.

ಗಂಟೆ ಒಡೆದಿದೆಯಾ?

ಇಲ್ಲ. ಮೂರೂ ಗಂಟೆಗಳು ಗಟ್ಟಿಮುಟ್ಟಾಗಿವೆ. ಕೆಟ್ಟಿರುವುದು ಅವನ್ನು ಹಿಡಿದುಕೊಂಡಿರುವ ಕಬ್ಬಿಣ ಮತ್ತು ಮರ. ಇದೊಂದು ಮಾತು ಎಲ್ಲರಿಗೂ ತಲುಪಿದರೆ ನಮ್ಮ ಅರ್ಧ ಕೆಲಸ ಆದ ಹಾಗೆ, ಯಾಕೆಂದರೆ "ಹಳೇದು ಹೋಯ್ತು, ಹೊಸದು ತರೋಣ" ಅನ್ನುವ ಮಾತು ಶುರುವಾಗುವುದೇ ಇಲ್ಲಿಂದ.

ಕಂಚು ನೂರಾರು ವರ್ಷ ಬಾಳುವ ಲೋಹ. ಗೋವಾದ ಸೆ ಕೆಥೆಡ್ರಲ್ ನೋಡಿದ್ದೀರಲ್ವಾ? ಅಲ್ಲಿನ 'ಗೋಲ್ಡನ್ ಬೆಲ್' 1652ರಲ್ಲಿ ಕುಂಕಳ್ಳಿಯಲ್ಲಿ ಎರಕ ಹೊಯ್ದದ್ದು. ಅದೇ ಚರ್ಚಿನ ಇನ್ನೊಂದು ಗೋಪುರ 1776ರಲ್ಲಿ ಕುಸಿದು ಬಿತ್ತು, ಮತ್ತೆ ಕಟ್ಟಲೇ ಇಲ್ಲ. ಪಣಜಿಯ ಮೆಟ್ಟಿಲುಗಳ ಚರ್ಚಿನ ದೊಡ್ಡ ಗಂಟೆ ಮೊದಲು ಹಳೇ ಗೋವಾದ ಸಂತ ಅಗಸ್ಟೀನರ ಗೋಪುರದಲ್ಲಿತ್ತು, 1871ರಲ್ಲಿ ಪಣಜಿಗೆ ಬಂತು. ಆ ಗೋಪುರದ್ದು ಈಗ ಒಂದು ಭಾಗ ಮಾತ್ರ ನಿಂತಿದೆ. ಕಲ್ಲು ಬಿದ್ದರೂ ಗಂಟೆ ಉಳಿದಿದೆ.

ಒಡೆದಿಲ್ಲ ಅಂತ ಖಾತ್ರಿ ಹೇಗೆ?

ಮೊದಲು ಕಿವಿ, ಆಮೇಲೆ ಕಣ್ಣು. ಮರದ ಸುತ್ತಿಗೆಯಿಂದ ಕೆಳಗಿನ ದಪ್ಪ ಅಂಚಿಗೆ ಮೆಲ್ಲಗೆ ತಟ್ಟಿದರೆ ಒಳ್ಳೇ ಗಂಟೆಯ ನಾದ ತುಂಬಾ ಹೊತ್ತು ನಿಲ್ಲುತ್ತದೆ, ಒಂದೇ ಸಮನೆ ಇಳಿಯುತ್ತದೆ. ಬಿರುಕು ಬಿಟ್ಟ ಗಂಟೆ ಒಡಕು ಕೊಡ ಬಡಿದ ಹಾಗೆ ಕೇಳಿಸಿ ಅಲ್ಲೇ ಸತ್ತುಹೋಗುತ್ತದೆ. ನಮ್ಮ ಮೂರೂ ಚೆನ್ನಾಗಿ ನಾದ ಕೊಟ್ಟವು.

ಕಿವಿಗೆ ಸಿಗದ ಸಣ್ಣ ಬಿರುಕು ಇರಬಹುದಲ್ಲಾ, ಅದಕ್ಕೆ ಡೈ ಪೆನೆಟ್ರೆಂಟ್ ಟೆಸ್ಟ್ ಮಾಡಿಸಿದೆವು. ಬೆಳಗಾವಿಯ ಕಾರ್ಖಾನೆಗಳಲ್ಲಿ ಕೆಲಸ ಮಾಡುವವರಿಗೆ ಇದು ದಿನದ ಕೆಲಸ. ಮೂರು ಸ್ಪ್ರೇ ಡಬ್ಬಿ ಬೇಕು. ಒಂದರಿಂದ ಜಾಗ ಸ್ವಚ್ಛ ಮಾಡಬೇಕು, ಎರಡನೆಯದರಿಂದ ಕೆಂಪು ಬಣ್ಣ ಹೊಡೆದು ಸ್ವಲ್ಪ ಹೊತ್ತು ಬಿಟ್ಟು ಒರೆಸಬೇಕು, ಮೂರನೆಯದರಿಂದ ಬಿಳಿ ಪುಡಿ ಹೊಡೆಯಬೇಕು. ಬಿರುಕು ಇದ್ದರೆ ಒಳಗೆ ಇಳಿದ ಕೆಂಪು ಬಣ್ಣ ಬಿಳಿ ಪುಡಿಯ ಮೇಲೆ ಕೂದಲೆಳೆಯಷ್ಟು ಗೆರೆಯಾಗಿ ಎದ್ದು ಬರುತ್ತದೆ. ನೆತ್ತಿ, ಸೊಂಟ, ಅಂಚು ಮೂರೂ ಕಡೆ ನೋಡಿದೆವು. ಗೆರೆ ಬರಲಿಲ್ಲ.

ಹಾಗಾದರೆ ತೊಂದರೆ ಎಲ್ಲಿದೆ?

ಮುಖ್ಯವಾಗಿ ಗಂಟೆಯ ನೆತ್ತಿಯಲ್ಲಿ. ಹಳೇ ಕಾಲದ ಎರಕದವರು ನಾಲಗೆ (ಒಳಗೆ ತೂಗಾಡಿ ಗಂಟೆಗೆ ಬಡಿಯುವ ಕೋಲು) ತೂಗುಹಾಕಲು ಒಂದು ಕಬ್ಬಿಣದ ಬಳೆಯನ್ನು ಅಚ್ಚಿನಲ್ಲೇ ಇಟ್ಟು ಅದರ ಸುತ್ತ ಕಂಚು ಹೊಯ್ಯುತ್ತಿದ್ದರು. ಆ ಬಳೆಯ ಎರಡು ಕಾಲುಗಳು ಕಂಚಿನ ಒಳಗೆ ಹೂತಿರುತ್ತವೆ. ನೂರು ವರ್ಷ ಮಳೆಗಾಲದ ಥಂಡಿ ಕುಡಿದ ಮೇಲೆ ಕಬ್ಬಿಣ ತುಕ್ಕು ಹಿಡಿಯದೇ ಇರುತ್ತದಾ? ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ. ಕಂಚು ಬಾಗುವುದಿಲ್ಲ, ಸೀಳುತ್ತದೆ. ಹಳೇ ಗಂಟೆಗಳು ನೆತ್ತಿಯಲ್ಲಿ ಬಿರುಕು ಬಿಡಲು ಮುಖ್ಯ ಕಾರಣ ಇದೇ, ಹೊಡೆತಕ್ಕಿಂತ ಜಾಸ್ತಿ ಇದರಿಂದಲೇ ಹಾಳಾಗುತ್ತವೆ.

ನಮ್ಮ ದೊಡ್ಡ ಗಂಟೆಯ ಒಳಗೆ ಟಾರ್ಚ್ ಹಿಡಿದು ನೋಡಿದರೆ ಆ ಬಳೆಯ ಬುಡದಲ್ಲಿ ತುಕ್ಕು ಪದರ ಪದರವಾಗಿ ಎದ್ದಿದೆ, ಉಗುರಿನಿಂದ ಕೆರೆದರೆ ಕೈಗೇ ಬರುತ್ತದೆ. ಬಳೆ ಕೊಂಡಿಗೆ ಉಜ್ಜಿ ಉಜ್ಜಿ ಅರ್ಧಕ್ಕರ್ಧ ಸವೆದಿದೆ. ಅದು ಕಿತ್ತು ಬಂದರೆ ನಾಲಗೆ ನೇರ ಕೆಳಗಿನ ಅಟ್ಟಕ್ಕೆ ಬೀಳುತ್ತದೆ, ಹಗ್ಗ ಹಿಡಿದವರು ನಿಲ್ಲುವುದು ಅದೇ ಅಟ್ಟದ ಕೆಳಗೆ. ಬಾರಿಸುವುದನ್ನು ನಿಲ್ಲಿಸಿದ್ದು ಇದಕ್ಕೇ.

ದಾರಿ ಇದೆ. ಹಳೇ ಕಬ್ಬಿಣವನ್ನು ನಿಧಾನವಾಗಿ ಡ್ರಿಲ್ ಮಾಡಿ ಪೂರ್ತಿ ತೆಗೆಯುತ್ತಾರೆ. ನೆತ್ತಿಯ ನಟ್ಟನಡುವೆ ಒಂದು ತೂತು ಮಾಡಿ, ಅದರ ಮೂಲಕ ಹೊಸ ಬೋಲ್ಟ್ ಹಾಕಿ, ಅದಕ್ಕೆ ನಾಲಗೆ ತೂಗುಹಾಕುತ್ತಾರೆ. ಹೊಸ ಬೋಲ್ಟ್ ಕಂಚಿನ ಒಳಗೆ ಹೂತಿರುವುದಿಲ್ಲ. ಮುಂದೆ ಯಾವಾಗ ಬೇಕಾದರೂ ಬಿಚ್ಚಿ ಬದಲಿಸಬಹುದು.

ಮಿಕ್ಕಿದ್ದು: ಗಂಟೆ ಹೊತ್ತಿರುವ ಮೇಲಿನ ದಿಮ್ಮಿಗೆ ಗೆದ್ದಲು ಹತ್ತಿದೆ, ಎರಡೂ ತುದಿಯ ಬುಷ್ (ದಿಮ್ಮಿಯ ತುದಿ ತಿರುಗುವ ಲೋಹದ ಬಳೆ) ಸವೆದು ಗಂಟೆ ಒಂದು ಕಡೆ ವಾಲಿದೆ, ಚೌಕಟ್ಟಿನ ಬೋಲ್ಟುಗಳು ಸಡಿಲಾಗಿವೆ.

ಉದ್ಯಮಬಾಗದಲ್ಲಿ ಇಷ್ಟೊಂದು ಫೌಂಡ್ರಿ ಇವೆ. ಹಳೇ ಗಂಟೆ ಕರಗಿಸಿ ಹೊಸದು ಹೊಯ್ಸಬಾರದಾ?

ಅತಿ ಜಾಸ್ತಿ ಬಂದ ಪ್ರಶ್ನೆ ಇದು. ಕೇಳುವವರಲ್ಲಿ ಅರ್ಧ ಜನ ಫೌಂಡ್ರಿಯಲ್ಲೇ ಕೆಲಸ ಮಾಡಿದವರು, ಹಾಗಾಗಿ ಸರಿಯಾಗಿ ಉತ್ತರ ಕೊಡಬೇಕು.

ಬೆಳಗಾವಿಯ ಫೌಂಡ್ರಿಗಳ ಹೆಸರು ದೇಶದಲ್ಲೆಲ್ಲಾ ಇದೆ, ಆದರೆ ಅದು ಹೆಚ್ಚಾಗಿ ಕಬ್ಬಿಣದ ಎರಕಕ್ಕೆ. ಗಂಟೆಯ ಕಂಚು ಬೇರೆ. ನೂರಕ್ಕೆ 77-78 ಪಾಲು ತಾಮ್ರ, ಉಳಿದದ್ದು ತವರ. ತವರ ಇಷ್ಟು ಇದ್ದರೆ ಲೋಹ ಗಡುಸಾಗುತ್ತದೆ, ನಾದ ಉದ್ದ ಬರುತ್ತದೆ, ಜೊತೆಗೆ ಪೆಡಸೂ ಆಗುತ್ತದೆ. ಯಂತ್ರದ ಭಾಗಕ್ಕೆ ಬಳಸುವ ಗನ್‌ಮೆಟಲ್‌ನಲ್ಲಿ ತವರ ಇದರ ಅರ್ಧದಷ್ಟೂ ಇರುವುದಿಲ್ಲ. ಇನ್ನು ಆಕಾರ. ಗಂಟೆಯ ಗೋಡೆ ಎಲ್ಲಿ ಎಷ್ಟು ದಪ್ಪ ಅನ್ನುವುದರ ಮೇಲೆ ಸ್ವರ ನಿಂತಿದೆ. ಎರಕ ಆದ ಮೇಲೆ ಲೇತ್ ಮೇಲೆ ಕೂರಿಸಿ ಒಳಗಿನಿಂದ ಎಳೆ ಎಳೆಯಾಗಿ ಲೋಹ ತೆಗೆದು ಸ್ವರಕ್ಕೆ ತರುತ್ತಾರೆ. ಇದು ಇನ್ನೊಂದು ಕಸುಬೇ.

ಒಂದು ವೇಳೆ ಎಲ್ಲಾ ಸರಿಯಾಗಿ ಮಾಡಿದರೂ ಬರುವುದು ಬೇರೆ ಗಂಟೆ. ನಿಮ್ಮ ಅಜ್ಜಿಯ ಮದುವೆಗೆ, ಅಜ್ಜನ ಮಣ್ಣಿಗೆ ಬಾರಿಸಿದ ದನಿ ಅದರಲ್ಲಿ ಇರುವುದಿಲ್ಲ. ಮೈಮೇಲಿನ ಅಕ್ಷರ, ಅಂಚಿನ ಬಳ್ಳಿ, ಅಚ್ಚಿನ ಗುರುತು ಎಲ್ಲಾ ಕುಲುಮೆಗೆ ಹೋಗುತ್ತವೆ. ಒಳ್ಳೇ ಗಂಟೆಯನ್ನು ಕರಗಿಸುವುದು ತಪ್ಪು ಅಂತ ನಾವು ಖಡಾಖಂಡಿತವಾಗಿ ಹೇಳುತ್ತೇವೆ.

ಆದರೆ ಉದ್ಯಮಬಾಗ, ಮಚ್ಛೆಯವರ ಕೈ ಈ ಕೆಲಸಕ್ಕೆ ಖಂಡಿತ ಬೇಕು. ಬೇರಿಂಗ್ ಕೂರಿಸುವ ಪ್ಲಮ್ಮರ್ ಬ್ಲಾಕ್, ನೆತ್ತಿಯ ಬೋಲ್ಟ್, ಉಕ್ಕಿನ ತೊಲೆ, ಗ್ಯಾಲ್ವನೈಸಿಂಗ್, ನಾಲಗೆಗೆ ಬೇಕಾದ ಎಸ್‌ಜಿ ಐರನ್ (ಸುಲಭಕ್ಕೆ ಒಡೆಯದ ಎರಕದ ಕಬ್ಬಿಣ) ಎರಕ ಎಲ್ಲವೂ ನಮ್ಮೂರಲ್ಲೇ ಆಗುತ್ತದೆ. ಗಂಟೆಯನ್ನು ಕರಗಿಸದೆ ಅದರ ಸುತ್ತಲಿನದ್ದನ್ನೆಲ್ಲಾ ಸರಿ ಮಾಡಲು ಬೆಳಗಾವಿಗಿಂತ ಅನುಕೂಲದ ಊರು ಸಿಗುವುದು ಕಷ್ಟ. ನೀವು ಈ ಕಸುಬಿನವರಾಗಿದ್ದರೆ ದಯವಿಟ್ಟು ಒಂದು ಸಲ ಗೋಪುರ ಹತ್ತಿ ನೋಡಿ, ಸಲಹೆ ಕೊಡಿ.

ಗಂಟೆಯಲ್ಲಿ ಅಂಥಾ ಸ್ವರ ಏನಿರುತ್ತದೆ? ಬಡಿದರೆ ಶಬ್ದ ಬರುತ್ತದೆ ಅಷ್ಟೇ ಅಲ್ವಾ?

ಸುಳೇಭಾವಿಯಲ್ಲಿ ಹುಟ್ಟಿದ ಕುಮಾರ ಗಂಧರ್ವರ ಜಿಲ್ಲೆ ನಮ್ಮದು, ಇಲ್ಲಿನ ಕಿವಿಗಳಿಗೆ ಇದನ್ನು ಹೇಳುವುದು ಸುಲಭ. ಒಳ್ಳೇ ಚರ್ಚ್ ಗಂಟೆಯ ಒಂದು ಹೊಡೆತದಲ್ಲಿ ಹಲವು ಸ್ವರ ಒಟ್ಟಿಗೆ ಏಳುತ್ತವೆ. ನಡುವಿನ ಷಡ್ಜ, ಅದರ ಮೇಲೆ ಕೋಮಲ ಗಾಂಧಾರ, ಪಂಚಮ, ತಾರ ಷಡ್ಜ, ಎಲ್ಲಕ್ಕಿಂತ ಕೆಳಗೆ ಮಂದ್ರ ಷಡ್ಜ. ಕೊನೆಗೆ ಉಳಿದು ಗುಂಯ್ ಅನ್ನುವುದು ಆ ಮಂದ್ರವೇ. ಚರ್ಚ್ ಗಂಟೆಯ ದನಿಯಲ್ಲಿ ಒಂದು ವಿಷಾದದ ಛಾಯೆ ಕೇಳಿಸುತ್ತದಲ್ಲಾ, ಅದು ಆ ಕೋಮಲ ಗಾಂಧಾರದ್ದು.

ಈ ಐದನ್ನೂ ಲೆಕ್ಕ ಹಾಕಿ ಶ್ರುತಿ ಮಾಡುವ ಪದ್ಧತಿ ಇಂಗ್ಲೆಂಡಿನಲ್ಲಿ ಗಟ್ಟಿಯಾಗಿ ನೆಲೆ ನಿಂತದ್ದು 1896ರ ಹೊತ್ತಿಗೆ, ಲಫ್‌ಬರೋದ ಟೇಲರ್ ಫೌಂಡ್ರಿಯಲ್ಲಿ. ಅದಕ್ಕೆ ಹಿಂದಿನ ಗಂಟೆಗಳಲ್ಲಿ ಮಂದ್ರ ಷಡ್ಜ ಒಂದಿಷ್ಟು ಏರಿಯೋ ಇಳಿದೋ ಇರುತ್ತದೆ. ಅದು ದೋಷ ಅಂತ ನಾವು ಅಂದುಕೊಂಡಿಲ್ಲ. ಒಂದೊಂದು ಹಳೇ ಗಂಟೆಗೂ ಒಂದೊಂದು ಕಂಠ ಇರುವುದು ಇದರಿಂದಲೇ. ಹೀಗಾಗಿ ಮರುಶ್ರುತಿ ಮಾಡಿಸುವ ಆಲೋಚನೆಯೂ ಇಲ್ಲ. ಒಮ್ಮೆ ಕೆರೆದು ತೆಗೆದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲ.

ಹಸಿರು ಕಿಲುಬು ಹಿಡಿದಿದೆ. ಹುಣಸೆಹಣ್ಣು ಹಚ್ಚಿ ತಿಕ್ಕಿ ಪಳಪಳ ಹೊಳೆಯುವ ಹಾಗೆ ಮಾಡುವುದಿಲ್ಲವಾ?

ಮಾಡುವುದಿಲ್ಲ. ಆ ಹಸಿರು-ಕಂದು ಪದರ ಗಂಟೆಯ ಮೈಕಾವಲು, ಒಳಗಿನ ಕಂಚನ್ನು ಅದೇ ಕಾಪಾಡುತ್ತದೆ. ಹುಳಿ, ಆಸಿಡ್, ಉಸುಕಿನ ಕಾಗದ, ಸ್ಯಾಂಡ್‌ಬ್ಲಾಸ್ಟಿಂಗ್ ಯಾವುದೂ ಬೇಡ. ಅಕ್ಷರಗಳ ಅಂಚು ಹೋಗುತ್ತದೆ. ಪೇಂಟ್ ಅಂತೂ ಹಚ್ಚಲೇಬಾರದು, ನಾದ ಮಂಕಾಗುತ್ತದೆ. ಮೆತ್ತನೆ ಬ್ರಷ್, ನೀರು, ಒಣ ಬಟ್ಟೆ ಇಷ್ಟೇ ಸಾಕು.

ಮುಂದೆ ಎಂದಾದರೂ ಬಿರುಕು ಬಿಟ್ಟರೆ ವೆಲ್ಡಿಂಗ್ ಮಾಡಬಹುದಾ?

ರಸ್ತೆ ಬದಿಯ ಗ್ಯಾಸ್ ವೆಲ್ಡಿಂಗ್ ಮಾಡಿಸಿದರೆ ಗಂಟೆ ಅವತ್ತೇ ಹೋಯಿತು ಅಂದುಕೊಳ್ಳಿ. ಒಂದು ಕಡೆ ಮಾತ್ರ ಕಾಯ್ದರೆ ಪೆಡಸು ಕಂಚು ಪಕ್ಕದಲ್ಲಿ ಮತ್ತೆ ಸೀಳುತ್ತದೆ. ಸರಿಯಾದ ಕ್ರಮ ಅಂದರೆ ಇಡೀ ಗಂಟೆಯನ್ನು ಕುಲುಮೆಯಲ್ಲಿ ನಿಧಾನವಾಗಿ ಕಾಯಿಸಿ, ಬಿಸಿ ಇರುವಾಗಲೇ ಅದೇ ಮಿಶ್ರಣದ ಕಂಚಿನಿಂದ ಬಿರುಕು ತುಂಬಿ, ಮತ್ತೆ ನಿಧಾನವಾಗಿ ತಣಿಸುವುದು. ಜರ್ಮನಿಯ ನ್ಯೋರ್ಡ್ಲಿಂಗನ್‌ನಲ್ಲಿ ಇದನ್ನೇ ಕಸುಬು ಮಾಡಿಕೊಂಡವರು ಇದ್ದಾರೆ.

ಆದರೆ ಗಂಟೆಯನ್ನು ಹೊರದೇಶಕ್ಕೆ ಕಳಿಸುವುದು ಸುಲಭ ಅಲ್ಲ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ಇಂಥ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವ ಹಾಗಿಲ್ಲ, ಅದಕ್ಕೆ ಪುರಾತತ್ವ ಇಲಾಖೆಯ ಕಡೆಯಿಂದಲೇ ದಾರಿ ಆಗಬೇಕು. ಬಿರುಕು ಬರದ ಹಾಗೆ ನೋಡಿಕೊಳ್ಳುವುದು ಅದಕ್ಕೇ ಮುಖ್ಯ.

ಬಿರುಕು ಬಿಟ್ಟ ಮಾತ್ರಕ್ಕೆ ಗಂಟೆಯ ಕಥೆ ಮುಗಿಯುವುದೂ ಇಲ್ಲ. ಲಂಡನ್ನಿನ ಬಿಗ್ ಬೆನ್ 1858ರಲ್ಲಿ ಎರಕವಾಗಿ, 1859ರಲ್ಲಿ ಬಾರಿಸಲು ಶುರು ಮಾಡಿದ ಕೆಲವೇ ತಿಂಗಳಲ್ಲಿ ಬಿರುಕು ಬಿಟ್ಟಿತು. ಸುತ್ತಿಗೆ ತೀರಾ ಭಾರ ಇತ್ತು. ಹಗುರ ಸುತ್ತಿಗೆ ಹಾಕಿ, ಹೊಡೆತ ಬೇರೆ ಜಾಗಕ್ಕೆ ಬೀಳುವಂತೆ ಗಂಟೆಯನ್ನು ಸ್ವಲ್ಪ ತಿರುಗಿಸಿದರು. ಆ ಬಿರುಕು ಇವತ್ತಿಗೂ ಹಾಗೇ ಇದೆ.

ತಿರುಗಿಸುವ ಆ ಉಪಾಯವನ್ನು ನಾವೂ ಮಾಡುತ್ತಿದ್ದೇವೆ. ದೊಡ್ಡ ಗಂಟೆಯ ಅಂಚಿನಲ್ಲಿ ನಾಲಗೆ ಬಡಿದು ಬಡಿದು ಎರಡು ಕಡೆ ಹೆಬ್ಬೆರಳು ಕೂರುವಷ್ಟು ತಗ್ಗಾಗಿದೆ. ಗಂಟೆಯನ್ನು ಕಾಲು ಸುತ್ತು ತಿರುಗಿಸಿ ಕಟ್ಟಿದರೆ ಹೊಡೆತ ಸವೆಯದ ಜಾಗಕ್ಕೆ ಬೀಳುತ್ತದೆ.

ಮೊದಲು ನಾಲಗೆಗೇ ಹಗ್ಗ ಕಟ್ಟಿ ಎಳೆದು ಬಾರಿಸುತ್ತಿದ್ದರಲ್ಲ, ಈಗ ಯಾಕೆ ಬೇಡ ಅನ್ನುತ್ತೀರಿ?

ಹಾಗೆ ಎಳೆದಾಗ ನಾಲಗೆ ಬಡಿದ ಮೇಲೆ ತಕ್ಷಣ ಹಿಂದೆ ಸರಿಯುವುದಿಲ್ಲ, ಅಂಚಿಗೆ ಒತ್ತಿಕೊಂಡೇ ಇರುತ್ತದೆ. ಗಂಟೆ ಅದುರಬೇಕು ಅನ್ನುವ ಹೊತ್ತಿಗೆ ಅದನ್ನು ಕಬ್ಬಿಣ ತಡೆದು ಹಿಡಿದರೆ ಆ ಪೆಟ್ಟೆಲ್ಲಾ ಲೋಹದ ಮೇಲೆ ಬೀಳುತ್ತದೆ. ಎಷ್ಟೋ ಊರಿನ ಒಳ್ಳೇ ಗಂಟೆಗಳು ಒಡೆದದ್ದು ಹೀಗೇ. ಗಂಟೆ ತೂಗಬೇಕು, ನಾಲಗೆ ತಾನಾಗಿ ಬಂದು ಬಡಿದು ವಾಪಸ್ ಹೋಗಬೇಕು.

ನಾಲಗೆ ಗಂಟೆಗಿಂತ ಮೆತ್ತಗಿರಬೇಕು ಅನ್ನುವುದು ಇನ್ನೊಂದು ಸೂತ್ರ. ಸವೆದರೆ ನಾಲಗೆ ಸವೆಯಲಿ. ಗಟ್ಟಿ ಉಕ್ಕಿನ ರಾಡ್ ಕಟ್ಟಿದರೆ ಸದ್ದು ಜೋರಾಗಿ ಬರಬಹುದು, ಆದರೆ ಗಂಟೆಯೇ ಸವೆದು ಹೋಗುತ್ತದೆ.

ಮೋಟಾರ್ ಹಾಕಿಸಿಬಿಡಿ. ಇಲ್ಲಾ ಸ್ಪೀಕರ್‌ನಲ್ಲಿ ರೆಕಾರ್ಡಿಂಗ್ ಹಾಕಿ. ಇಷ್ಟೆಲ್ಲಾ ಯಾಕೆ?

ಸ್ಪೀಕರ್ ಬೇಡ. ಗಂಟೆ ಮೇಲೆ ಇದ್ದೂ ಅದರ ದನಿಯನ್ನು ಡಬ್ಬಿಯಿಂದ ಕೇಳಿಸುವುದು ನಮಗೆ ಯಾರಿಗೂ ಒಪ್ಪಿಗೆ ಆಗಲಿಲ್ಲ.

ಮೋಟಾರ್ ಬಗ್ಗೆ ಸಮಿತಿಯಲ್ಲಿ ಎರಡು ಅಭಿಪ್ರಾಯ ಇತ್ತು. ದಿನಕ್ಕೆ ಮೂರು ಹೊತ್ತು ತ್ರಿಕಾಲ ಪ್ರಾರ್ಥನೆಗೆ ಬಾರಿಸಲು ಬೆಳಗ್ಗೆ ಆರಕ್ಕೆ ಜನ ಸಿಗುವುದು ಕಷ್ಟ ಅನ್ನುವುದು ನಿಜ. ಕೊನೆಗೆ ಆದ ತೀರ್ಮಾನ ಹೀಗಿದೆ: ಮಧ್ಯದ ಗಂಟೆಗೆ ಮಾತ್ರ ಹೊರಗಿನಿಂದ ಬಡಿಯುವ ಸಣ್ಣ ವಿದ್ಯುತ್ ಸುತ್ತಿಗೆ, ದಿನದ ಮೂರು ಹೊತ್ತಿಗೆ. ಭಾನುವಾರ, ಹಬ್ಬ, ಮದುವೆ, ಸಾವಿಗೆ ಕೈಯಿಂದಲೇ. ಸುತ್ತಿಗೆಯ ಪೆಟ್ಟು ದಪ್ಪ ಅಂಚಿಗೇ ಬೀಳಬೇಕು, ಬಡಿದ ತಕ್ಷಣ ಹಿಂದೆ ಸರಿಯಬೇಕು, ಗಂಟೆ ತೂಗುತ್ತಿರುವಾಗ ಅದಕ್ಕೆ ಕರೆಂಟ್ ಹೋಗದ ಹಾಗೆ ಸ್ವಿಚ್ ಇರಬೇಕು. ಗಂಟೆಗೆ ಒಂದು ತೂತನ್ನೂ ಕೊರೆಯದೆ ಚೌಕಟ್ಟಿಗೆ ಕೂರಿಸುವಂಥದ್ದೇ ತರಿಸುತ್ತೇವೆ.

ಹಳೇ ಗೋಪುರ ಇದನ್ನೆಲ್ಲಾ ತಡೆಯುತ್ತದಾ?

ತೂಗುವ ಗಂಟೆ ಬರೀ ತನ್ನ ತೂಕವನ್ನಷ್ಟೇ ಗೋಪುರದ ಮೇಲೆ ಹಾಕುವುದಿಲ್ಲ, ಪಕ್ಕಕ್ಕೂ ತಳ್ಳುತ್ತದೆ. ಇಂಗ್ಲೆಂಡಿನ ಪದ್ಧತಿಯಲ್ಲಿ ಗಂಟೆಯನ್ನು ಪೂರ್ತಿ ಒಂದು ಸುತ್ತು ಹೊಡೆಸುತ್ತಾರೆ. ಆಗ ಕೆಳಕ್ಕೆ ಅದರ ತೂಕದ ಸುಮಾರು ನಾಲ್ಕು ಪಟ್ಟು, ಪಕ್ಕಕ್ಕೆ ಸುಮಾರು ಎರಡು ಪಟ್ಟು ಭಾರ ಬೀಳುತ್ತದೆ. ನಮ್ಮದು ಅಷ್ಟು ತೂಗುವುದಿಲ್ಲ, ಸ್ವಲ್ಪವೇ ಆಡುತ್ತದೆ, ಭಾರವೂ ಅದಕ್ಕೆ ತಕ್ಕಷ್ಟು ಕಡಿಮೆ.

ನಿಜವಾದ ಅಪಾಯ ಗೋಡೆಯ ಸಂದುಗಳಲ್ಲಿದೆ. ಕಲ್ಲಿನ ಗೋಡೆ ಕಟ್ಟಿರುವುದು ಸುಣ್ಣದ ಗಾರೆಯಲ್ಲಿ. ನಡುವೆ ಯಾವಾಗಲೋ ಹೊರಗಿನ ಸಂದುಗಳಿಗೆ ಸಿಮೆಂಟ್ ತುಂಬಿಸಿದ್ದಾರೆ. ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇಲ್ಲ, ಗಾರೆ ಒಳಗೊಳಗೇ ಮೆತ್ತಗಾಗಿದೆ, ತೊಲೆಯ ತುದಿಗಳು ಗೋಡೆಗೆ ಸೇರುವ ಕಡೆ ಕೊಳೆತಿವೆ. ಹಾಗಾಗಿ ಸಿಮೆಂಟ್ ಕೆತ್ತಿ ತೆಗೆದು ಸುಣ್ಣದ ಗಾರೆಯೇ ತುಂಬಬೇಕು. ಈ ಕೆಲಸ ಗೊತ್ತಿರುವ ಗೌಂಡಿಗಳು ಕಡಿಮೆ, ಕೂಲಿ ಜಾಸ್ತಿ, ಆದರೂ ಇದರಲ್ಲಿ ಉಳಿತಾಯ ಮಾಡಬಾರದು. ಗಂಟೆ ಚೌಕಟ್ಟಿನ ಮರ ಎಲ್ಲಿ ಗಟ್ಟಿ ಇದೆಯೋ ಅಲ್ಲಿ ಹಾಗೇ ಉಳಿಸಿ, ಕೆಟ್ಟಲ್ಲಿ ಮಾತ್ರ ಹಳೇ ಸಾಗವಾನಿ ಜೋಡಿಸುತ್ತೇವೆ.

ಸಿಡಿಲಿನ ಬಗ್ಗೆಯೂ ಕೇಳುತ್ತಾರೆ. ಮಿಂಚುವಾಹಕದ ತಾಮ್ರದ ಪಟ್ಟಿ ನಡುವೆ ಕಡಿದುಹೋಗಿದೆ, ಅದನ್ನು ಹೊಸದು ಮಾಡುತ್ತೇವೆ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ಗುಡುಗುವಾಗ ಯಾರೂ ಹಗ್ಗ ಮುಟ್ಟಬಾರದು. ಗಂಟೆ ಬಾರಿಸಿದರೆ ಸಿಡಿಲು ದೂರ ಹೋಗುತ್ತದೆ ಅಂತ ಹಿಂದೆ ಯುರೋಪಿನಲ್ಲಿ ನಂಬಿದ್ದರು, ಹಾಗೆ ಬಾರಿಸಲು ಹೋಗಿ ಎಷ್ಟೋ ಜನ ಸತ್ತರು.

ಪಾರಿವಾಳಗಳನ್ನು ಏನು ಮಾಡುತ್ತೀರಿ?

ಓಡಿಸುತ್ತೇವೆ, ಕೊಲ್ಲುವುದಿಲ್ಲ. ಮರಿಗಳಿರುವ ಗೂಡು ಖಾಲಿ ಆಗುವ ತನಕ ಕಾಯುತ್ತೇವೆ. ಆಮೇಲೆ ಕಿಟಕಿಯ ಓರೆ ಹಲಗೆಗಳ ಹಿಂದೆ ಸ್ಟೀಲ್ ಜಾಳಿಗೆ ಬೀಳುತ್ತದೆ. ಹಿಕ್ಕೆಯಲ್ಲಿ ಆಸಿಡ್ ಇರುತ್ತದೆ, ಕಂಚು ಕಬ್ಬಿಣ ಎರಡನ್ನೂ ತಿನ್ನುತ್ತದೆ. ಒಣಗಿದ ಹಿಕ್ಕೆಯ ದೂಳು ಶ್ವಾಸಕೋಶಕ್ಕೆ ಒಳ್ಳೇದಲ್ಲ. ಶ್ರಮದಾನಕ್ಕೆ ಬರುವ ಯುವಕರು ಒಣ ಪೊರಕೆ ಹಿಡಿಯಬೇಡಿ, ಮೊದಲು ನೀರು ಚಿಮುಕಿಸಿ, ಮಾಸ್ಕ್ ಕೈಗವಸು ಇಲ್ಲದೆ ಮೇಲೆ ಹತ್ತಬೇಡಿ.

ಗಂಟೆಯ ಮೇಲಿನ ಅಂಕಿಗಳು ಇಸವಿಯಾ?

ಕೆಲವು ಇಸವಿ, ಕೆಲವು ತೂಕ. ಇಂಗ್ಲೆಂಡಿನಿಂದ ಬಂದ ಹಳೇ ಗಂಟೆಗಳಲ್ಲಿ ಮೂರು ಅಂಕಿಗಳ ನಡುವೆ ಗೆರೆ ಹಾಕಿ ತೂಕ ಬರೆಯುವ ರೂಢಿ ಇತ್ತು. ಉದಾಹರಣೆಗೆ 5-2-14 ಅಂತ ಇದ್ದರೆ 5 ಹಂಡ್ರೆಡ್‌ವೇಟ್, 2 ಕ್ವಾರ್ಟರ್, 14 ಪೌಂಡ್. ಒಂದು ಹಂಡ್ರೆಡ್‌ವೇಟ್ ಅಂದರೆ 112 ಪೌಂಡ್, ಕ್ವಾರ್ಟರ್ ಅಂದರೆ 28. ಒಟ್ಟು 630 ಪೌಂಡ್, ಅಂದರೆ ಸುಮಾರು 286 ಕೆಜಿ.

ಅಂಕಿ ಇಲ್ಲದಿದ್ದರೆ ಬಾಯಿಯ ಅಗಲ ಅಳೆದು ಅಂದಾಜು ಮಾಡಬಹುದು. ಒಂದೇ ಆಕಾರದ ಎರಡು ಗಂಟೆಗಳಲ್ಲಿ ಒಂದರ ಅಗಲ ಇನ್ನೊಂದರ ಎರಡರಷ್ಟಿದ್ದರೆ ತೂಕ ಎಂಟು ಪಟ್ಟು, ಸ್ವರ ಒಂದು ಸಪ್ತಕ ಕೆಳಗೆ. ಕೆಳಗಿಳಿಸಲು ಚೈನ್ ಬ್ಲಾಕ್ ಎಷ್ಟು ಟನ್ನಿನದು ಬೇಕು ಅಂತ ತೀರ್ಮಾನಿಸುವ ಮುಂಚೆ ಈ ಲೆಕ್ಕ ಮಾಡಲೇಬೇಕು.

ಕೆಳಗಿಳಿಸಿದಾಗ ಮಕ್ಕಳು ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಕ್ಷರಗಳ ಪಡಿಯಚ್ಚು ತೆಗೆದುಕೊಳ್ಳಲಿ ಅಂತ ಒಂದು ಭಾನುವಾರ ಇಟ್ಟಿದ್ದೇವೆ. ಎಲ್ಲಾ ಕಡೆಯಿಂದ ಫೋಟೋ, ಅಳತೆ, ದನಿಯ ರೆಕಾರ್ಡಿಂಗ್ ಮಾಡಿ ಚರ್ಚಿನ ದಫ್ತರದಲ್ಲಿ ಇಡುತ್ತೇವೆ. ಗುಜರಿಯಲ್ಲಿ ತಾಮ್ರದ ಆಸೆಗೆ ಗಂಟೆ ಕದಿಯುವವರೂ ಇದ್ದಾರೆ. ಕಳವಾದರೆ ಗುರುತು ಹಿಡಿಯಲು ಈ ದಾಖಲೆಯೇ ಆಧಾರ.

ನಾನು ದೇಣಿಗೆ ಕೊಡುತ್ತೇನೆ. ಗಂಟೆಯ ಮೇಲೆ ನಮ್ಮ ಅಪ್ಪನ ಹೆಸರು ಕೆತ್ತಿಸಬಹುದಾ?

ಈ ಪ್ರಶ್ನೆಯ ಹಿಂದಿನ ಪ್ರೀತಿ ನಮಗೆ ಅರ್ಥ ಆಗುತ್ತದೆ. ಆದರೂ ಗಂಟೆಯ ಮೇಲೆ ಬೇಡ. ಕೆತ್ತಿದರೆ ಲೋಹ ಹೋಗುತ್ತದೆ, ಒಬ್ಬರಿಗೆ ಹೂಂ ಅಂದರೆ ಇನ್ನೊಬ್ಬರಿಗೆ ಬೇಡ ಅನ್ನಲಾಗುವುದಿಲ್ಲ. ಹೊಸ ತೊಲೆಗಳ ಮೇಲೆ ಹೆಸರು ಬರೆಸುತ್ತೇವೆ, ಕೆಳಗೆ ಹಗ್ಗದ ಕೋಣೆಯಲ್ಲಿ ಒಂದು ಕಲ್ಲಿನ ಫಲಕವೂ ಇರುತ್ತದೆ. ನೂರು ರೂಪಾಯಿ ಕೊಟ್ಟವರ ಹೆಸರೂ ಅದೇ ಅಳತೆಯ ಅಕ್ಷರದಲ್ಲಿ ಇರುತ್ತದೆ. ಬಂದ ಹಣ, ಆದ ಖರ್ಚು ಪ್ರತಿ ತಿಂಗಳು ನೋಟಿಸ್ ಬೋರ್ಡಿನಲ್ಲಿ ಹಾಕುತ್ತಿದ್ದೇವೆ, ಓದಿ ಪ್ರಶ್ನೆ ಕೇಳಿ.

ನಾವು ಈ ಚರ್ಚಿನವರಲ್ಲ, ಕ್ರೈಸ್ತರೂ ಅಲ್ಲ. ಬರಬಹುದಾ?

ಬನ್ನಿ. ಈ ಗಂಟೆ ಕೇಳಿ ಅಂಗಡಿ ತೆಗೆದವರು, ಸ್ಕೂಲಿಗೆ ಓಡಿದವರು ಎಲ್ಲಾ ಜಾತಿ ಧರ್ಮದವರೂ ಇದ್ದಾರೆ. ಗಂಟೆಗಳಂತೂ ಗಡಿ ನೋಡಿ ನಿಂತವಲ್ಲ. 1739ರಲ್ಲಿ ಚಿಮಾಜಿ ಅಪ್ಪ ಪೋರ್ಚುಗೀಸರಿಂದ ವಸಾಯಿ ಕೋಟೆ ಗೆದ್ದ ಮೇಲೆ ಅಲ್ಲಿನ ಚರ್ಚ್ ಗಂಟೆಗಳು ಮಹಾರಾಷ್ಟ್ರದ ದೇವಸ್ಥಾನಗಳಿಗೆ ಹೋದವು. ನಾಸಿಕದ ನಾರೋಶಂಕರ ದೇವಸ್ಥಾನದ ಗಂಟೆಯ ಮೇಲೆ 1721 ಅಂತ ಇದೆ, ವಾಯಿ ಹತ್ತಿರದ ಮೇಣವಲಿಯದರ ಮೇಲೆ 1707. ಬೆಳಗಾವಿಯಿಂದ ವಾಯಿ ದೂರ ಏನಲ್ಲ, ಆ ಕಡೆ ಹೋದರೆ ಕೃಷ್ಣಾ ದಂಡೆಯಲ್ಲಿ ಅದನ್ನು ನೋಡಿ ಬನ್ನಿ. ಪುಣೆಯ ಪಂಚಹೌದ್ ಚರ್ಚಿನಲ್ಲೂ ಮುಂಬೈ ಕೊಲಾಬಾದ ಅಫ್ಘನ್ ಚರ್ಚಿನಲ್ಲೂ ಎಂಟೆಂಟು ಗಂಟೆಗಳಿವೆ, ಅವೂ ಕೇಳುವಂತಿವೆ.

ಅಕ್ಕಪಕ್ಕದವರಿಗೆ ತೊಂದರೆ ಆಗುವುದಿಲ್ಲವಾ? ಕಾನೂನು ಏನು ಹೇಳುತ್ತದೆ?

2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮದಂತೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಮಾತ್ರ ಅಲ್ಲ, ಶಬ್ದ ಮಾಡುವ ಯಾವ ಸಾಧನವನ್ನೂ ಬಯಲಲ್ಲಿ ಬಳಸುವ ಹಾಗಿಲ್ಲ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ ಇದೆ. ನಮ್ಮ ಬೆಳಗಿನ ಗಂಟೆ ಆರು ಹೊಡೆದ ಮೇಲೇ. ಕ್ರಿಸ್ಮಸ್ ರಾತ್ರಿಯ ಪೂಜೆಗೆ ಮುಂಚಿತವಾಗಿ ಅನುಮತಿ ತೆಗೆದುಕೊಳ್ಳುತ್ತೇವೆ. ಗಂಟೆ ಕೋಣೆಯ ಕಿಟಕಿಯ ಕೆಳಭಾಗವನ್ನು ಒಳಗಿನಿಂದ ಹಲಗೆ ಹೊಡೆದು ಮುಚ್ಚಿದರೆ ದನಿ ಮೇಲಿನಿಂದ ಹರಡುತ್ತದೆ, ಪಕ್ಕದ ಮನೆಗೆ ಅಪ್ಪಳಿಸುವುದಿಲ್ಲ. ದೂರದವರಿಗೂ ಹಿತವಾಗಿ ಕೇಳುತ್ತದೆ. ಪರೀಕ್ಷೆ ಸಮಯದಲ್ಲಿ ಮಕ್ಕಳಿಗೆ ಕಷ್ಟ ಆಗುತ್ತಿದ್ದರೆ ದಯವಿಟ್ಟು ಬಂದು ಹೇಳಿ, ಖಂಡಿತ ಕೇಳುತ್ತೇವೆ.

ಯಾವಾಗ ಮತ್ತೆ ಕೇಳಿಸುತ್ತದೆ?

ಮಳೆಗಾಲದಲ್ಲಿ ಗೋಪುರದ ಕೆಲಸ ಸಾಧ್ಯವಿಲ್ಲ. ಸಾರುವೆ ಕಟ್ಟುವುದು, ಇಳಿಸುವುದು, ಗಾರೆ ಎಲ್ಲವೂ ದಸರೆ ಆದ ಮೇಲೆ. ಸುಣ್ಣದ ಗಾರೆ ನಿಧಾನವಾಗಿ ಗಟ್ಟಿಯಾಗುವಂಥದ್ದು, ಅವಸರ ಮಾಡಿದರೆ ಉದುರುತ್ತದೆ. ನಮ್ಮ ಆಸೆ ಪಾಸ್ಕ ಹಬ್ಬ (ಈಸ್ಟರ್). ಪವಿತ್ರ ಗುರುವಾರದ ಮಹಿಮಾಗೀತೆ ಆದ ಮೇಲೆ ಗಂಟೆಗಳು ಮೌನವಾಗುತ್ತವೆ, ಪಾಸ್ಕ ಜಾಗರಣೆಯ ಮಹಿಮಾಗೀತೆಗೆ ಮತ್ತೆ ಬಾರಿಸುತ್ತವೆ. ಮೊದಲ ಸಲ ಮೂರೂ ಒಟ್ಟಿಗೆ ಕೇಳಿಸಲು ಅದಕ್ಕಿಂತ ಒಳ್ಳೇ ಹೊತ್ತು ಇಲ್ಲ. ಕೆಲಸ ತಡವಾದರೆ ತಡವಾಗಲಿ, ಅರ್ಧಂಬರ್ಧ ಮಾಡಿ ಬಾರಿಸುವುದಿಲ್ಲ.

ಬಾರಿಸಲು ಕಲಿಯಬಹುದಾ? ಹೆಣ್ಣುಮಕ್ಕಳೂ?

ಎಲ್ಲರೂ. ಇದಕ್ಕೆ ಶಕ್ತಿಗಿಂತ ಲಯ ಬೇಕು. ಹಗ್ಗವನ್ನು ಜಗ್ಗಬಾರದು, ಗಂಟೆ ತನ್ನ ಕಡೆ ಬರುವಾಗ ಜೊತೆಗೂಡಿ ಎಳೆದು, ಹೋಗುವಾಗ ಕೈ ಸಡಿಲ ಬಿಡಬೇಕು. ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳುವ ಚಟ ಕೆಲವರಿಗಿದೆ, ಅದು ಬಹಳ ಅಪಾಯ. ಹದಿನಾರು ದಾಟಿದವರಿಗೆ ಶನಿವಾರ ಸಂಜೆ ಹೇಳಿಕೊಡುತ್ತೇವೆ. ಸಾವಿನ ಗಂಟೆ ಬಾರಿಸುವ ಕ್ರಮ ಮಾತ್ರ ನಮ್ಮ ಹಿರಿಯ ಬಾರಿಸುವವರಿಂದಲೇ ಕಲಿಯಬೇಕು. ಪ್ರತಿ ಹೊಡೆತದ ನಾದ ಪೂರ್ತಿ ಇಳಿಯುವ ತನಕ ಕಾದು ಮುಂದಿನದನ್ನು ಹೊಡೆಯುತ್ತಾರೆ. ಎಷ್ಟು ಕಾಯಬೇಕು ಅನ್ನುವುದು ಅವರ ಪಕ್ಕ ನಿಂತರೇ ಗೊತ್ತಾಗುವುದು.

ದುರಸ್ತಿ ಆದ ಮೇಲೆ ನೋಡಿಕೊಳ್ಳುವವರು ಯಾರು?

ಈ ಸ್ಥಿತಿಗೆ ಬಂದದ್ದೇ ವರ್ಷಗಟ್ಟಲೆ ಯಾರೂ ಮೇಲೆ ಹತ್ತದೆ ಇದ್ದುದರಿಂದ. ಇನ್ನು ಮುಂದೆ ವರ್ಷಕ್ಕೆ ಎರಡು ಸಲ, ಮಿರಗದ ಮಳೆ ಹಿಡಿಯುವ ಮುಂಚೆ ಒಂದು ಸಲ, ದಸರೆ ಆದ ಮೇಲೆ ಒಂದು ಸಲ, ಇಬ್ಬರು ಒಟ್ಟಿಗೆ ಹತ್ತಬೇಕು. ಒಬ್ಬರೇ ಹತ್ತುವ ಹಾಗಿಲ್ಲ. ಮರದ ದಿಮ್ಮಿ ಹವೆಗೆ ತಕ್ಕಂತೆ ಹಿಗ್ಗುತ್ತದೆ, ಕುಗ್ಗುತ್ತದೆ, ಹಾಗಾಗಿ ಮೊದಲ ವರ್ಷ ಬೋಲ್ಟುಗಳು ಸಡಿಲಾಗಿಯೇ ಆಗುತ್ತವೆ, ಬಿಗಿ ಮಾಡಬೇಕು. ಬೇರಿಂಗಿಗೆ ಗ್ರೀಸ್, ನಾಲಗೆಯ ಕೊಂಡಿ, ಹಗ್ಗದ ಸವೆತ, ಜಾಳಿಗೆ, ಮಿಂಚುವಾಹಕದ ಪಟ್ಟಿ, ಮಳೆನೀರು ಹೋಗುವ ಕೊಳವೆ ಇಷ್ಟು ನೋಡಿ ಹಗ್ಗದ ಕೋಣೆಯಲ್ಲಿ ಇಟ್ಟಿರುವ ರಿಜಿಸ್ಟರಿನಲ್ಲಿ ತಾರೀಖು ಹಾಕಿ ಸಹಿ ಮಾಡಬೇಕು. ಮೊದಲ ಎರಡು ವರ್ಷಕ್ಕೆ ಹೆಸರು ಕೊಟ್ಟವರು ಇದ್ದಾರೆ. ಮೂರನೇ ವರ್ಷಕ್ಕೆ ಇಬ್ಬರು ಬೇಕು, ಮೆಟ್ಟಿಲು ಹತ್ತಲು ಮೊಣಕಾಲು ಗಟ್ಟಿ ಇರುವವರು ಪೂಜೆ ಆದ ಮೇಲೆ ದಫ್ತರದಲ್ಲಿ ಹೆಸರು ಬರೆಸಿ.